ಅಲಗಿನ ಮೈಗೆ ಸಾಣೆ ಬೇಡ

ದಸರೆ ಹತ್ತಿರವಾದಾಗ ಒಮ್ಮೆ, ಸಂಕ್ರಾಂತಿಯ ಗಡ್ಡಾ ಜಾತ್ರೆ ಮುಗಿದ ಮೇಲೆ ಇನ್ನೊಮ್ಮೆ, ಈ ಅಂಕಣಕ್ಕೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಸೊಲ್ಲಾಪುರದ ಬಾಳಿವೇಸಿನಿಂದಲೂ ಬರುತ್ತದೆ, ಅಕ್ಕಲಕೋಟ ತಾಲೂಕಿನ ಹಳ್ಳಿಗಳಿಂದಲೂ ಬರುತ್ತದೆ. ಬರೆಯುವ ರೀತಿ ಬೇರೆಯಾದರೂ ತಕರಾರು ಒಂದೇ: “ಚಾಕೂಗ ಧಾರ ಹಚ್ಚಿಸಿದೆವ್ರಿ. ಹರಿತ ಆಗ್ಯದ. ಆದರ ಮೈತುಂಬ ಗೀರು ಬಿದ್ದಾವ, ಮೊದಲಿನ ಮೆರುಗು ಹೋಗ್ಯದ. ಇದನ್ನ ಮನ್ಯಾಗ ಸರಿಮಾಡಲಿಕ್ಕ ಬರ್ತದೇನ್ರಿ?”

ಬರುತ್ತದೆ. ಹಾರ್ಡ್‌ವೇರ್ ಅಂಗಡಿಯ ಮೂರು ನಾಲ್ಕು ಹಾಳೆ ವಾಟರ್ ಪೇಪರ್, ಒಂದು ಬಟ್ಟಲು ನೀರು, ಯಾರೂ ಅವಸರ ಮಾಡದ ಒಂದು ಮಧ್ಯಾಹ್ನ ಇದ್ದರೆ ಸಾಕು. ಆದರೆ ಆ ಕೆಲಸಕ್ಕೆ ಕೈಹಾಕುವ ಮುನ್ನ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಚಾಕುವಿನ ಧಾರ ಬೇರೆ, ಮೈ ಬೇರೆ. ಕತ್ತರಿಸುವುದು ಅಲಗಿನ ಅಂಚಿನ ಒಂದು ಸಣ್ಣ ಪಟ್ಟಿ, ಹೆಚ್ಚೆಂದರೆ ಒಂದೆರಡು ಮಿಲಿಮೀಟರ್ ಅಗಲದ್ದು. ಸಾಣೆಗೆ ತಾಗಬೇಕಾದದ್ದು ಅಷ್ಟೇ. ಉಳಿದ ಮೈಗೂ ತಿರುಗುವ ಕಲ್ಲಿಗೂ ಯಾವ ಸಂಬಂಧವೂ ಇಲ್ಲ. ನನಗೆ ಬರುವ ದೂರುಗಳಲ್ಲಿ ಮುಕ್ಕಾಲು ಪಾಲು, ತಾಗಬಾರದ ಆ ಮೈ ಕಲ್ಲಿಗೆ ತಾಗಿದ್ದರಿಂದಲೇ ಹುಟ್ಟಿದವು.

ಇದಕ್ಕೆ ಸಾಣೆಯವರನ್ನೇ ಬಯ್ಯುವುದು ನ್ಯಾಯವಲ್ಲ. ನಮ್ಮ ಸೀಮೆಯಲ್ಲಿ ಈ ಕಸುಬು ತಲೆತಲಾಂತರದಿಂದ ಶಿಕಲಗಾರರದು. ಸೊಲ್ಲಾಪುರ, ವಿಜಯಪುರ, ಬೆಳಗಾವಿ ಕಡೆಯೆಲ್ಲ ಈ ಮನೆತನದವರಿದ್ದಾರೆ. ಅವರ ಹಿರಿಯರು ಮೂಲತಃ ಕತ್ತಿಗಳಿಗೆ ಮೆರುಗು ಕೊಡುವವರು. ಧಾರ ಹಚ್ಚುವುದು ಆ ಕೆಲಸದ ಒಂದು ತುಂಡು ಮಾತ್ರ. ಕುರುಂದದ ಪುಡಿಯನ್ನು ಅರಗಿನಲ್ಲಿ ಕಲಸಿ ಮಾಡಿದ ಚಕ್ರಕ್ಕೆ ಪಟ್ಟಿ ಸುತ್ತಿ ಒಬ್ಬರು ಎಳೆಯುವುದು, ಇನ್ನೊಬ್ಬರು ಅಲಗು ಹಿಡಿಯುವುದು ಹಳೆಯ ಪದ್ಧತಿ. ದಖ್ಖಣದ ಮೂಸೆ ಉಕ್ಕಿನ ಕತ್ತಿಗಳಲ್ಲಿ ನೀರಿನ ಅಲೆಯಂಥ ಗೆರೆಗಳಿರುತ್ತವಲ್ಲ, ಅವು ಕಾಣಬೇಕಾದರೆ ಮೈಮೇಲೆ ಒಂದೂ ಒರಟು ಗೀರು ಉಳಿಯಬಾರದು. ಗೀರು ತೆಗೆದು ನುಣುಪು ಮಾಡಿದ ಮೇಲೆ ಅನ್ನಭೇದಿಯಂಥ ಲವಣದ ನೀರು ಸವರಿದರೆ ಉಕ್ಕಿನೊಳಗಿನ ವಿನ್ಯಾಸ ಎದ್ದು ಬರುತ್ತದೆ. ಅಂದರೆ ಗೀರು ತೆಗೆಯುವುದರಲ್ಲಿ ಇವರನ್ನು ಮೀರಿಸುವವರು ಇರಲಿಲ್ಲ. 1878ರಲ್ಲಿ, ಅಕ್ಕಲಕೋಟದ ಸ್ವಾಮಿ ಸಮರ್ಥರು ಸಮಾಧಿಸ್ಥರಾದ ವರ್ಷವೇ, ಬ್ರಿಟಿಷರು ಶಸ್ತ್ರ ಕಾಯ್ದೆ ತಂದರು. ಸೊಲ್ಲಾಪುರ ಬ್ರಿಟಿಷರ ಕೈಯಲ್ಲಿತ್ತು, ಅಕ್ಕಲಕೋಟ ಭೋಸಲೆ ಮನೆತನದ ಸಂಸ್ಥಾನ. ಸಂಸ್ಥಾನದ ಕತ್ತಿ ಬಂದೂಕುಗಳು ಇವತ್ತಿಗೂ ಅಲ್ಲಿನ ಅರಮನೆಯ ಶಸ್ತ್ರಾಗಾರದಲ್ಲಿವೆ. ಹೊರಗೆ ಜನರ ಕೈಯಲ್ಲಿ ಕತ್ತಿ ಉಳಿಯಲಿಲ್ಲ, ಮೆರುಗಿನ ಕೆಲಸವೂ ಉಳಿಯಲಿಲ್ಲ. ಕತ್ತರಿ, ಚಾಕು, ಇಳಗಿ, ಕುಡಗೋಲುಗಳಿಗೆ ಧಾರ ಹಚ್ಚುವುದೇ ಹೊಟ್ಟೆಪಾಡಾಯಿತು.

ಅಕ್ಕಲಕೋಟದಲ್ಲಿ ವಟವೃಕ್ಷ ಮಂದಿರದ ಕಡೆಯ ಒಂದು ಗಲ್ಲಿಯಲ್ಲಿ ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿ, ಪೆಡಲ್ ತುಳಿದು ಕಲ್ಲು ತಿರುಗಿಸುವ ಹಿರಿಯರೊಬ್ಬರನ್ನು ನಾನು ನೇರವಾಗಿಯೇ ಕೇಳಿದೆ: “ಚಾಚಾ, ಧಾರಕ್ಕ ಅಂಚು ಹಿಡಿದರ ಸಾಕಲ್ಲ, ಮೈಯಾಕ ಕಲ್ಲಿಗೆ ಒತ್ತತೀರಿ?” ಅವರು ಕಾಲು ನಿಲ್ಲಿಸದೆ ಹೇಳಿದರು: “ಗಿರಾಕಿಗೆ ಚಕಚಕ ಬೇಕಲ್ರೀ ಅಕ್ಕಾ. ಬರೇ ಧಾರ ಹಚ್ಚಿ ಕೊಟ್ಟರ ಏನೂ ಮಾಡೇ ಇಲ್ಲ ಅಂತ ರೊಕ್ಕಕ್ಕ ಜಗ್ಗಾಡ್ತಾರ. ಎರಡೂ ಬಾಜೂ ಒಂದೊಂದು ಸಲ ಕಲ್ಲಿಗೆ ಒತ್ತಿದರ ಹೊಸಾದರಂಗ ಕಾಣ್ತದ.” ಆಮೇಲೆ ನನ್ನ ಚಾಕು ತೆಗೆದುಕೊಂಡು, ಬೆನ್ನನ್ನು ಸ್ವಲ್ಪವೇ ಎತ್ತಿ, ಅಂಚು ಮಾತ್ರ ತಾಗುವ ಹಾಗೆ ಹಿಡಿದು, ಹಿಡಿಕೆಯಿಂದ ತುದಿಯವರೆಗೆ ಒಂದೇ ಎಳೆತದಲ್ಲಿ ಎಳೆದು ತೋರಿಸಿದರು. ಕಿಡಿ ಕೂಡ ಹೆಚ್ಚು ಹಾರಲಿಲ್ಲ. ಮೈ ಇದ್ದಂತೆಯೇ ಇತ್ತು. ಕೈಯಲ್ಲಿ ವಿದ್ಯೆ ಇದೆ. ಕೇಳುವವರು ಬೇರೇನನ್ನೋ ಕೇಳುತ್ತಿದ್ದಾರೆ.

ಅವರು ಹೇಳಿದ ಚಕಚಕ ಸುಳ್ಳಲ್ಲ. ಒರಟು ಕಲ್ಲು ಹಳೆಯ ಕೊಳೆ, ಕಲೆ, ಮಾಸಿದ ಪದರವನ್ನೆಲ್ಲ ಕಿತ್ತು ಹೊಸ ಲೋಹವನ್ನು ಹೊರಗೆ ತರುತ್ತದೆ. ಆ ತಾಜಾ ಗೀರುಗಳು ಬಿಸಿಲಿಗೆ ಮಿಂಚುತ್ತವೆ. ಎರಡು ವಾರ ಹೋದರೆ ಅದೇ ಗೀರುಗಳಲ್ಲಿ ಉಪ್ಪು, ಹುಳಿ, ನೀರು ಕೂತು ಮಂಕಾಗುತ್ತವೆ. ಒರಟಾದ ಮೈಗೆ ತುಕ್ಕು ಬೇಗ ಹತ್ತುತ್ತದೆ, ನುಣುಪಾದ ಮೈಗೆ ತಡವಾಗಿ. ಹಾಗಾಗಿ ಗೀರು ತೆಗೆಯುವುದು ಅಂದಕ್ಕಷ್ಟೇ ಅಲ್ಲ, ಚಾಕುವಿನ ಆಯುಷ್ಯಕ್ಕೂ ಬೇಕು.

ಗೀರು ತೆಗೆಯುವುದು ಅಂದರೆ ನಿಜಕ್ಕೂ ಏನು? ಗೀರು ಒಂದು ತಗ್ಗು. ಅದನ್ನು ತುಂಬಲಿಕ್ಕಾಗುವುದಿಲ್ಲ, ಯಾವ ಪೇಸ್ಟು, ಯಾವ ಎಣ್ಣೆಯೂ ತುಂಬುವುದಿಲ್ಲ. ಅದರ ಸುತ್ತಲಿನ ಲೋಹವನ್ನು ತಗ್ಗಿನ ತಳದ ಮಟ್ಟಕ್ಕೆ ಇಳಿಸಬೇಕು. ಹಾಗೆ ಇಳಿಸುವ ಹಾಳೆಯೂ ತನ್ನದೇ ಗೀರು ಬಿಡುತ್ತದೆ, ಆದರೆ ಮೊದಲಿನದಕ್ಕಿಂತ ಸಣ್ಣದು. ಅದನ್ನು ಇನ್ನೂ ಸಣ್ಣ ಹಾಳೆಯಿಂದ, ಅದನ್ನು ಮತ್ತೂ ಸಣ್ಣದರಿಂದ ತಿಕ್ಕುತ್ತ ಹೋಗಬೇಕು. ನಮ್ಮ ಎರಿಹೊಲದಲ್ಲಿ ನೇಗಿಲ ಸಾಲಿನ ಮೇಲೆ ಅಡ್ಡಡ್ಡ ಕುಂಟೆ ಹೊಡೆದು ಹೆಂಟೆ ಒಡೆದು ಮಟ್ಟ ಮಾಡುವ ಕ್ರಮವೇ ಇಲ್ಲಿಯೂ ಇರುವುದು: ನೇಗಿಲ ಸಾಲು ಪೂರ್ತಿ ಮಾಯವಾಗುವವರೆಗೆ ಕುಂಟೆ ನಿಲ್ಲಿಸುವಂತಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳು ಒಂದೇ ದಿಕ್ಕಿಗೆ ಒತ್ತಾಗಿ ಕೂತಾಗ ನಾವು ಅದನ್ನು ಮೆರುಗು ಅನ್ನುತ್ತೇವೆ.

ವಾಟರ್ ಪೇಪರಿನ ಹಿಂಬದಿಯ ಸಂಖ್ಯೆ ಹೇಳುವುದು ಇದನ್ನೇ. ಸಂಖ್ಯೆ ಏರಿದಂತೆ ಹರಳು ಸಣ್ಣದಾಗುತ್ತದೆ. 220ರ ಹಾಳೆಯ ಹರಳು ಹೆಚ್ಚುಕಡಿಮೆ ನಮ್ಮ ತಲೆಗೂದಲಿನ ದಪ್ಪ, ಅಂದರೆ 70 ಮೈಕ್ರಾನಿನ ಆಸುಪಾಸು. 400ರದು ಅದರ ಅರ್ಧ. 1000ಕ್ಕೆ ಬಂದರೆ 18 ಮೈಕ್ರಾನ್, 2000ಕ್ಕೆ ಬಂದರೆ 10. ಗೋಡೆ ತಿಕ್ಕುವ ಹಳದಿ ಉಸುಕಿನ ಕಾಗದ ಈ ಕೆಲಸಕ್ಕೆ ಆಗುವುದಿಲ್ಲ. ನೀರು ಬಿದ್ದರೆ ಹರಿಯುತ್ತದೆ. ಬಣ್ಣದವರು, ಗ್ಯಾರೇಜಿನವರು ಬಳಸುವ ಕಪ್ಪು ಹಾಳೆ ಬೇಕು. ಅದರ ಮೇಲಿರುವುದು ಸಿಲಿಕಾನ್ ಕಾರ್ಬೈಡ್. ಅಮೆರಿಕದ ಎಡ್ವರ್ಡ್ ಅಚಿಸನ್ 1890ರ ದಶಕದ ಆರಂಭದಲ್ಲಿ ಕೃತಕ ವಜ್ರ ಮಾಡಲು ಹೊರಟು ಕಂಡುಕೊಂಡ ವಸ್ತು ಅದು. ಉಕ್ಕಿಗಿಂತ ಬಹಳ ಗಡುಸು.

ಯಾವ ಸಂಖ್ಯೆಯಿಂದ ಶುರುಮಾಡಬೇಕು ಅನ್ನುವುದನ್ನು ಉಗುರು ಹೇಳುತ್ತದೆ. ಗೀರಿಗೆ ಅಡ್ಡಲಾಗಿ ಉಗುರು ಎಳೆಯಿರಿ. ಸಿಕ್ಕಿಕೊಂಡರೆ 220 ಅಥವಾ 320 ಬೇಕು. ಕಣ್ಣಿಗೆ ಕಂಡರೂ ಉಗುರಿಗೆ ಸಿಗದಿದ್ದರೆ 600ರಿಂದ ಹೊರಡಬಹುದು. ಸುಮ್ಮನೆ ಒರಟು ಹಾಳೆಯಿಂದ ಆರಂಭಿಸಿದರೆ ನೀವೇ ಹೊಸ ಗೀರು ಹಾಕಿ, ಅದನ್ನು ತೆಗೆಯಲು ಮತ್ತೆ ಒದ್ದಾಡಬೇಕು.

ಒಂದು ಮರದ ಹಲಗೆಯ ಮೇಲೆ ಒದ್ದೆ ಬಟ್ಟೆ ಹಾಸಿ, ಚಾಕುವನ್ನು ಅದರ ಮೇಲೆ ಚಪ್ಪಟೆಯಾಗಿ ಮಲಗಿಸಿ, ಅಂಚು ನಿಮ್ಮಿಂದ ಆಚೆಗೆ ಇರಲಿ. ಅಂಚಿನುದ್ದಕ್ಕೂ ಎಲೆಕ್ಟ್ರಿಷಿಯನ್ನರ ಇನ್ಸುಲೇಶನ್ ಟೇಪ್ ಅಂಟಿಸಿ. ಇದು ಕೈಗೂ ರಕ್ಷೆ, ಧಾರಕ್ಕೂ ರಕ್ಷೆ. ಹಾಳೆಯನ್ನು ಬೆರಳಿನಲ್ಲೇ ಒತ್ತಿ ತಿಕ್ಕಬೇಡಿ. ಬೆರಳು ಒತ್ತಿದಲ್ಲಿ ಗುಂಡಿ ಬೀಳುತ್ತದೆ. ಹಳೆಯ ರಬ್ಬರ್ ಚಪ್ಪಲಿಯ ಅಟ್ಟೆಯಿಂದ ಬೆಂಕಿಪೊಟ್ಟಣದಷ್ಟು ತುಂಡು ಕತ್ತರಿಸಿ ಅದಕ್ಕೆ ಹಾಳೆ ಸುತ್ತಿಕೊಂಡರೆ ಒತ್ತಡ ಸಮನಾಗಿ ಬೀಳುತ್ತದೆ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ, ಹಾಳೆ ಅದ್ದಿ, ಮೊದಲು ಅಲಗಿನ ಉದ್ದಕ್ಕೆ ತಿಕ್ಕಿ. ಬೂದುಬಣ್ಣದ ಕೆಸರು ಬರಲಾರಂಭಿಸುತ್ತದೆ. ಅದು ನಿಮ್ಮ ಚಾಕುವಿನ ಉಕ್ಕು. ಶುರುವಿನಲ್ಲಿ ಕರಕರ ಅನ್ನುವ ಸದ್ದು ಹರಳು ಸವೆದಂತೆ ಮೆತ್ತಗಾಗುತ್ತದೆ. ಮೆತ್ತಗಾದರೆ ಹಾಳೆಯ ಹೊಸ ಭಾಗಕ್ಕೆ ಬದಲಾಯಿಸಿ.

ಮುಂದಿನ ಸಂಖ್ಯೆಗೆ ಹೋದಾಗ ದಿಕ್ಕು ಬದಲಿಸಬೇಕು. 320ನ್ನು ಉದ್ದಕ್ಕೆ ತಿಕ್ಕಿದ್ದರೆ 400ನ್ನು ಅಡ್ಡಕ್ಕೆ, ಅಂಚಿನ ಕಡೆಯಿಂದ ಬೆನ್ನಿನ ಕಡೆಗೆ. ಅಂಚಿನತ್ತ ಎಂದೂ ತಳ್ಳಬಾರದು. ಹೀಗೆ ಅಡ್ಡ ತಿಕ್ಕಿದಾಗ ಹಿಂದಿನ ಉದ್ದ ಗೀರುಗಳು ಉಳಿದಿದ್ದರೆ ತಟ್ಟನೆ ಕಾಣುತ್ತವೆ. ಕಿಟಕಿಯ ಹತ್ತಿರ ಬೆಳಕು ಓರೆಯಾಗಿ ಬೀಳುವ ಹಾಗೆ ಹಿಡಿದು ನೋಡಿ. ಒಂದೇ ಒಂದು ಉದ್ದ ಗೆರೆ ಕಂಡರೂ ಮುಂದಿನ ಹಾಳೆ ಮುಟ್ಟಬೇಡಿ. ಜನ ಸೋಲುವುದು ಇಲ್ಲಿಯೇ. 320ರಿಂದ 1000ಕ್ಕೆ ಜಿಗಿಯುತ್ತಾರೆ. ಮೈ ನುಣುಪಾಗಿ ಮಿರುಗತೊಡಗುತ್ತದೆ, ಆ ಮಿರುಗಿನೊಳಗೆ ಹಳೆಯ ಗೀರುಗಳು ಮೊದಲಿಗಿಂತ ಸ್ಪಷ್ಟವಾಗಿ ಎದ್ದು ಕಾಣುತ್ತವೆ. ಸಣ್ಣ ಹಾಳೆಗೆ ಅವನ್ನು ಇಳಿಸುವ ಶಕ್ತಿ ಇಲ್ಲ, ಗಂಟೆಗಟ್ಟಲೆ ತಿಕ್ಕಿದರೂ ಅಷ್ಟೇ. ಸಂಖ್ಯೆ ಬದಲಿಸುವಾಗಲೆಲ್ಲ ಅಲಗು, ಕೈ, ಹಲಗೆ, ರಬ್ಬರ್ ತುಂಡು ಎಲ್ಲವನ್ನೂ ತೊಳೆಯಬೇಕು, ನೀರನ್ನೂ ಚೆಲ್ಲಿ ಬೇರೆ ನೀರು ತೆಗೆದುಕೊಳ್ಳಬೇಕು. 320ರ ಒಂದು ಹರಳು 1000ದ ಹಾಳೆಯ ಕೆಳಗೆ ಸಿಕ್ಕಿಕೊಂಡರೆ ಅಲಗಿನ ಉದ್ದಕ್ಕೂ ಹೊಸದೊಂದು ಗೆರೆ ಎಳೆದೇ ಬಿಡುತ್ತದೆ. ಇನ್ನು ಗೋಲ ಗೋಲ ತಿಕ್ಕುವ ಅಭ್ಯಾಸ ಪಾತ್ರೆಗೆ ಸರಿ, ಅಲಗಿಗೆ ಬೇಡ. ಸುಳಿಯಾಕಾರದ ಗೀರು ಯಾವ ದಿಕ್ಕಿನ ಬೆಳಕಿಗೂ ಮರೆಯಾಗುವುದಿಲ್ಲ.

ಎಲ್ಲಿ ನಿಲ್ಲಿಸಬೇಕು? ಕಾರ್ಖಾನೆಯಿಂದ ಬಂದಾಗ ಚಾಕುವಿನ ಮೈ ಹೇಗಿತ್ತೋ ಅಲ್ಲಿ. ಸೊಲ್ಲಾಪುರದ ಮಧಲಾ ಮಾರುತಿ ಸುತ್ತಿನ ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ಸ್ಟೀಲ್ ಚಾಕುಗಳಿಗೆ ಹೆಚ್ಚಾಗಿ ಮಂದ ಮೆರುಗು ಇರುತ್ತದೆ. 600 ಅಥವಾ 800ರ ಹಾಳೆಯಿಂದ ಕೊನೆಗೆ ಒಂದೇ ದಿಕ್ಕಿಗೆ, ಹಿಡಿಕೆಯಿಂದ ತುದಿಗೆ, ಹಿಂದೆ ಮುಂದೆ ಮಾಡದೆ ಹತ್ತಿಪ್ಪತ್ತು ಸಲ ಎಳೆದರೆ ಅದು ಬರುತ್ತದೆ. ಕನ್ನಡಿಯಂಥ ಹೊಳಪೇ ಬೇಕೆನ್ನುವವರು 1000, 1500, 2000 ದಾಟಿ, ಆಮೇಲೆ ಮೆತ್ತನೆಯ ಬಟ್ಟೆಯಲ್ಲಿ ಲೋಹದ ಪಾಲಿಶ್ ಪೇಸ್ಟ್ ಹಚ್ಚಿ ಉಜ್ಜಬೇಕು. ಪತ್ತಾರರು ಚಿನ್ನಕ್ಕೆ ಹೊಳಪು ಕೊಡಲು ಬಳಸುವ ಕೆಂಪು ರೂಜ್ ಕೂಡ ಈ ಕೊನೆಯ ಹಂತದ್ದೇ ವಸ್ತು. ಅದು ಬಲು ನುಣ್ಣಗಿನ ಕಬ್ಬಿಣದ ಆಕ್ಸೈಡ್, ನಾವು ದ್ವೇಷಿಸುವ ತುಕ್ಕಿನ ಹತ್ತಿರದ ನೆಂಟ. ಆದರೆ ಅಡುಗೆಮನೆಗೆ ಕನ್ನಡಿಯ ಹೊಳಪು ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕನ್ನಡಿಯ ಮೇಲೆ ಒಂದು ಸಲ ಪಾತ್ರೆ ತಿಕ್ಕುವ ಘಾಸಣಿ ತಾಗಿದರೂ ಗೀರು ಎದ್ದು ಕಾಣುತ್ತದೆ, ಬೆರಳಿನ ಗುರುತೂ ಕಾಣುತ್ತದೆ. ಮಂದ ಮೆರುಗು ದಿನದ ಬಳಕೆಯ ಸಣ್ಣಪುಟ್ಟ ಗೀರುಗಳನ್ನು ತನ್ನೊಳಗೆ ಅಡಗಿಸಿಕೊಳ್ಳುತ್ತದೆ.

ಕೆಲಸ ಮುಗಿದ ಮೇಲೆ ಸೋಪಿನಲ್ಲಿ ಚೆನ್ನಾಗಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಒಂದು ದಿನ ಗಾಳಿಗೆ ಇಡಿ. ಸ್ಟೇನ್‌ಲೆಸ್ ಸ್ಟೀಲಿಗೆ ಆ ಹೆಸರು ಬಂದದ್ದು ಅದರೊಳಗಿನ ಕ್ರೋಮಿಯಂನಿಂದ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಬಂದೂಕಿನ ನಳಿಕೆಗೆಂದು ಉಕ್ಕು ಹುಡುಕುತ್ತಿದ್ದಾಗ ಸುಮಾರು 13 ಶೇಕಡಾ ಕ್ರೋಮಿಯಂ ಬೆರೆಸಿದ ಉಕ್ಕಿಗೆ ತುಕ್ಕು ಹತ್ತದಿರುವುದನ್ನು ಕಂಡರು. ಅದು ಬಂದೂಕಿಗಿಂತ ಮೊದಲು ಊಟದ ಚಾಕುಗಳಿಗೆ ಹೋಯಿತು. ಆ ಕ್ರೋಮಿಯಂ ಗಾಳಿಯಲ್ಲಿರುವ ಆಮ್ಲಜನಕದ ಜೊತೆ ಸೇರಿ ಉಕ್ಕಿನ ಮೇಲೆ ಕಣ್ಣಿಗೆ ಕಾಣದ ತೆಳು ಪೊರೆ ಕಟ್ಟುತ್ತದೆ. ನಾವು ತಿಕ್ಕಿ ಆ ಪೊರೆಯನ್ನು ಕಿತ್ತರೂ ಸ್ವಚ್ಛವಾದ, ಒಣಗಿದ ಮೈಮೇಲೆ ಅದು ತಾನಾಗಿ ಮತ್ತೆ ಕೂಡುತ್ತದೆ. ಆ ಪೊರೆಗೆ ಶತ್ರು ಉಪ್ಪು. ಉಪ್ಪಿನಕಾಯಿಗೆ ಮಾವು, ನಿಂಬೆ ಹೆಚ್ಚಿದ ಚಾಕುವನ್ನು ಹಾಗೆಯೇ ಸಿಂಕಿನಲ್ಲಿ ಬಿಟ್ಟರೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು ಬೀಳುತ್ತವೆ. ಅವು ಗೀರಲ್ಲ, ಉಕ್ಕಿನೊಳಗೆ ಕೊರೆದ ತೂತುಗಳು. ಅವನ್ನು ತೆಗೆಯಲು ಹೊರಟರೆ ಅಲಗೇ ತೆಳುವಾದೀತು. ಬಿಟ್ಟುಬಿಡಿ.

ಗೀರು ಬರುವ ದಾರಿಗಳಲ್ಲಿ ಸಾಣೆಯ ನಂತರದ ದೊಡ್ಡ ದಾರಿ ನಮ್ಮ ಮೋರಿಯೇ. ಹಸಿರು ಸ್ಕ್ರಬ್ಬರಿನಲ್ಲಿ ಅಲ್ಯುಮಿನಿಯಂ ಆಕ್ಸೈಡಿನಂಥ ಗಡುಸು ಹರಳುಗಳನ್ನು ಅಂಟಿಸಿರುತ್ತಾರೆ, ಅಂದರೆ ಅದೂ ಒಂದು ಬಗೆಯ ಪಾಲಿಶ್ ಪೇಪರೇ. ಕಬ್ಬಿಣದ ತಾರಿನ ಘಾಸಣಿ ಇನ್ನೂ ಕೆಟ್ಟದ್ದು. ಗೀರುವುದಲ್ಲದೆ ತನ್ನ ಚೂರುಗಳನ್ನು ಅಲಗಿನ ಮೈಯಲ್ಲಿ ಬಿಟ್ಟುಹೋಗುತ್ತದೆ, ಅವು ತುಕ್ಕು ಹಿಡಿದಾಗ ಸ್ಟೀಲಿಗೇ ತುಕ್ಕು ಬಂತೆಂದು ನಾವು ಅಂಗಡಿಯವರ ಮೇಲೆ ಸಿಟ್ಟಾಗುತ್ತೇವೆ. ಚಾಕುವಿಗೆ ಮೆತ್ತನೆಯ ಸ್ಪಂಜು, ಸೋಪು ಸಾಕು. ಚಮಚಗಳ ಜೊತೆ ಸ್ಟ್ಯಾಂಡಿನಲ್ಲಿ ತುರುಕುವುದನ್ನೂ ಬಿಡಬೇಕು.

ಇನ್ನೊಂದು, ಗೀರಲ್ಲದ ಗೀರು. ಸೊಲ್ಲಾಪುರಕ್ಕೆ ಉಜನಿಯ ನೀರು ಬಂದರೂ ನಲ್ಲಿ ಬರುವುದು ದಿನ ಬಿಟ್ಟು ದಿನಗಳ ಲೆಕ್ಕ. ಪಾತ್ರೆಗೆ ಬೋರಿನ ನೀರೇ ಗತಿ. ಕರಿಕಲ್ಲಿನ ಪದರದಿಂದ ಬರುವ ಈ ಗಡುಸು ನೀರು ಒಣಗಿದಲ್ಲಿ ಸುಣ್ಣದ ಬಿಳಿ ಗೆರೆ ಬಿಡುತ್ತದೆ. ಹಲವರು ಅದನ್ನೇ ಗೀರೆಂದು ತಿಳಿದು ಹಾಳೆ ತರಲು ಹೋಗುತ್ತಾರೆ. ನಿಂಬೆಹೋಳಿನಿಂದ ಒಮ್ಮೆ ಸವರಿ, ಕೂಡಲೇ ತೊಳೆಯಿರಿ. ಮಾಯವಾದರೆ ಅದು ಸುಣ್ಣ.

ಇಲ್ಲಿಯವರೆಗೆ ಹೇಳಿದ್ದು ಸ್ಟೀಲಿನ ಮಾತು. ನಮ್ಮ ಮನೆಗಳ ಇಳಗಿಯದೇ ಬೇರೆ ಕಥೆ, ಅದರ ಬಗ್ಗೆ ನನಗೆ ಸ್ವಲ್ಪ ಹೆಚ್ಚೇ ಪ್ರೀತಿ. ಕಂಬಾರರು, ಊರೂರು ಅಲೆಯುವ ಘಿಸಾಡಿಗಳು ಲಾರಿಯ ಹಳೆಯ ಸ್ಪ್ರಿಂಗ್ ಪಾಟಾ ಕಾಯಿಸಿ ಬಡಿದು ಮಾಡುವ ಇಳಗಿಯಲ್ಲಿ ಕ್ರೋಮಿಯಂನ ಪೊರೆ ಇಲ್ಲ. ಉಕ್ಕಿನಲ್ಲಿ ಕ್ರೋಮಿಯಂ ಇದ್ದರೂ ಅದು ಹೆಸರಿಗೆ ಮಾತ್ರ. ಇಂಗಾಲ ಇದೆ, ಹಾಗಾಗಿ ಧಾರ ಚೆನ್ನಾಗಿ ನಿಲ್ಲುತ್ತದೆ. ಆದರೆ ಪುಂಡಿಪಲ್ಲೆ, ಹುಣಸಿಕಾಯಿ, ಉಳ್ಳಾಗಡ್ಡಿ ಹೆಚ್ಚಿದ ಕೆಲವೇ ದಿನಗಳಲ್ಲಿ ಮೈ ಬೂದಾಗಿ, ನೀಲಿಯಾಗಿ, ಕೊನೆಗೆ ಕಪ್ಪಾಗುತ್ತದೆ. ಹೊಸ ಸೊಸೆಯಂದಿರು ಅದನ್ನು ಕೊಳೆಯೆಂದು ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿಡುತ್ತಾರೆ, ಮರುದಿನ ಬೆಳಿಗ್ಗೆ ಕೆಂಪು ತುಕ್ಕು ಕಾಣಿಸುತ್ತದೆ. ಆ ಕಪ್ಪು ಕೊಳೆಯಲ್ಲ. ಅದೇ ಇಳಗಿಯ ಕವಚ. ಕಪ್ಪು ಪದರ ಒತ್ತಾಗಿ ಮೈಗೆ ಅಂಟಿ ಕೂತು ಒಳಗಿನ ಕಬ್ಬಿಣವನ್ನು ಸ್ವಲ್ಪ ಮಟ್ಟಿಗೆ ಕಾಯುತ್ತದೆ. ಕೆಂಪು ತುಕ್ಕು ಪುಡಿಪುಡಿ, ತೇವ ಹೀರುತ್ತದೆ, ಒಳಗೊಳಗೆ ತಿನ್ನುತ್ತ ಹೋಗುತ್ತದೆ. ಕೆಂಪನ್ನು ತೆಗೆಯಬೇಕು, ಕಪ್ಪನ್ನು ಉಳಿಸಬೇಕು. ಕೆಂಪು ಬಂದಲ್ಲಿ ಹುಣಸೆ ನೀರು ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಬೂದಿಯಲ್ಲಿ ತಿಕ್ಕಿ ತೊಳೆದರೆ ಸಾಕು. ಗಟ್ಟಿ ತುಕ್ಕಿಗೆ 400ರ ಹಾಳೆಯ ಸಣ್ಣ ತುಂಡು. ಆ ಜಾಗ ಬೆಳ್ಳಗಾದರೆ ಗಾಬರಿ ಬೇಡ, ಹತ್ತು ದಿನದ ಉಳ್ಳಾಗಡ್ಡಿ ಅದನ್ನು ಮತ್ತೆ ಕಪ್ಪಾಗಿಸುತ್ತದೆ.

ದಾಳಿಂಬೆಯ ವಿಷಯದಲ್ಲಿ ಮಾತ್ರ ಇಳಗಿಯ ಪರ ವಾದಿಸಲಾರೆ. 2016ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಸೊಲ್ಲಾಪುರದ ದಾಳಿಂಬೆ ಬೆಳೆಯುವ ನೆಲ ಇದು; ದೇಶದ ದಾಳಿಂಬೆ ಸಂಶೋಧನಾ ಕೇಂದ್ರವೂ 2005ರಿಂದ ಇಲ್ಲಿಯೇ ಇದೆ. ಆ ಹಣ್ಣಿನ ಸಿಪ್ಪೆಯ ತುಂಬ ಒಗರು ಕೊಡುವ ಟ್ಯಾನಿನ್. ಅದು ಕಬ್ಬಿಣಕ್ಕೆ ತಾಗಿದ ಕೂಡಲೇ ಮಸಿಯಂಥ ಕಪ್ಪು ಹುಟ್ಟುತ್ತದೆ. ಹಿಂದೆ ಬರೆಯುವ ಮಸಿಯನ್ನು ಮಾಡುತ್ತಿದ್ದುದೂ ಕಬ್ಬಿಣದ ಲವಣಕ್ಕೆ ಟ್ಯಾನಿನ್ ಇರುವ ಕಾಯಿಗಳನ್ನು ಬೆರೆಸಿಯೇ. ಅಲಗೂ ಕಪ್ಪು, ಹಣ್ಣೂ ಕಪ್ಪು, ಕೈಯೂ ಕಪ್ಪು. ದಾಳಿಂಬೆಗೆ, ನಿಂಬೆಗೆ ಸ್ಟೀಲ್ ಚಾಕು. ಪಲ್ಲೆ, ಬದನೆ, ಉಳ್ಳಾಗಡ್ಡಿಗೆ ಇಳಗಿ. ಹೀಗೆ ಹಂಚಿಕೊಂಡರೆ ಎರಡೂ ಬಾಳುತ್ತವೆ.

ಇಳಗಿಗೆ ಎಣ್ಣೆ ಹಚ್ಚಿಡುವವರು ಒಂದು ಗಮನಿಸಬೇಕು. ನಮ್ಮ ಕಡೆ ಕುಸುಬಿ ಎಣ್ಣೆ ಕೈಗೆ ಸಿಗುತ್ತದೆಂದು ಅದನ್ನೇ ಸವರುತ್ತಾರೆ. ಕುಸುಬಿ ಎಣ್ಣೆ ಗಾಳಿಗೆ ಆರಿ ಜಿಗುಟು ಪದರವಾಗುತ್ತದೆ. ಆ ಗುಣದಿಂದಲೇ ಅದನ್ನು ಬಣ್ಣಗಳಲ್ಲಿ ಬಳಸುತ್ತಾರೆ. ಅಲಗಿನ ಮೇಲೆ ಅದಕ್ಕೆ ಧೂಳು ಹತ್ತಿ ನಾರುತ್ತದೆ. ಕೊಬ್ಬರಿ ಎಣ್ಣೆ ಆರುವುದಿಲ್ಲ. ಎರಡು ಹನಿ ಬಟ್ಟೆಗೆ ಹಾಕಿ ಒರೆಸಿದರೆ ಮುಗಿಯಿತು.

ಗೀರಿಗಿಂತ ದೊಡ್ಡ ನಷ್ಟವೊಂದಿದೆ, ಅದನ್ನು ಯಾರೂ ದೂರುವುದಿಲ್ಲ, ಯಾಕೆಂದರೆ ಕಾಣುವುದಿಲ್ಲ. ಪೇಟೆಯಲ್ಲಿ ಈಗ ಮೋಟಾರಿನ ಸಾಣೆ ಬಂದಿದೆ. ಆರು ಇಂಚಿನ ಕಲ್ಲು ನಿಮಿಷಕ್ಕೆ 2,800 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ತೆಳುವಾದ ಅಂಚನ್ನು ಅದಕ್ಕೆ ಒತ್ತಿ ಹಿಡಿದರೆ ಕ್ಷಣದಲ್ಲಿ ಕಾದು, ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ನೀಲಿ ಬರುತ್ತದೆ. ನೀಲಿ ಅಂದರೆ 300 ಡಿಗ್ರಿಯ ಹತ್ತಿರ ಮುಟ್ಟಿತು ಅಂತ ಅರ್ಥ. ಕಾರ್ಖಾನೆಯಲ್ಲಿ ಚಾಕುವಿಗೆ ಹದ ಕೊಡುವುದು ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಿಮೆ ಶಾಖದಲ್ಲಿ. ಹದ ಇಳಿದ ಅಂಚು ಮೆತ್ತಗಾಗಿ ನಾಲ್ಕು ದಿನಕ್ಕೇ ಮೊಂಡಾಗುತ್ತದೆ. ನೀಲಿ ಬಣ್ಣವನ್ನು ತಿಕ್ಕಿ ತೆಗೆಯಬಹುದು, ಇಳಿದ ಹದವನ್ನು ಮರಳಿ ತರಲಾಗದು. ಆ ಭಾಗ ಸವೆದು ಹೋಗುವವರೆಗೆ ಕಾಯಬೇಕು. ಯಂತ್ರದ ಗರಗಸದ ಹಳೆಯ ಬ್ಲೇಡಿನಿಂದ ಮಾಡಿದ ಚಾಕುಗಳು ಮಾತ್ರ ಇದಕ್ಕೆ ಅಪವಾದ. ಆ ಉಕ್ಕು 500 ಡಿಗ್ರಿಯನ್ನೂ ತಡೆಯುವಂಥದ್ದು. ಉಳಿದವಕ್ಕೆ ಪೆಡಲ್ ತುಳಿಯುವ ಸೈಕಲ್ಲೇ ಮೇಲು. ಅದರ ನಿಧಾನವೇ ಅದರ ಗುಣ. ಮೋಟಾರಿನವರ ಹತ್ತಿರ ಹೋಗಲೇಬೇಕಾದರೆ ಪಕ್ಕದಲ್ಲಿ ನೀರಿನ ಡಬ್ಬಿ ಇದೆಯೇ, ಮತ್ತೆ ಮತ್ತೆ ಅದ್ದುತ್ತಾರೆಯೇ ನೋಡಿ.

ಹಾಳೆ ಮುಟ್ಟಿಸಲೇಬಾರದ ಅಲಗುಗಳೂ ಇವೆ. ಕಪ್ಪು ಅಥವಾ ಬಣ್ಣದ ಲೇಪವಿರುವ ಚಾಕುಗಳನ್ನು ತಿಕ್ಕಿದರೆ ಲೇಪ ಎದ್ದು ಅಡುಗೆಗೆ ಸೇರುತ್ತದೆ. ಅಲೆಯ ವಿನ್ಯಾಸ ಇರುವ ದುಬಾರಿ ಚಾಕುಗಳಲ್ಲಿ ವಿನ್ಯಾಸವೇ ಅಳಿಸಿಹೋಗುತ್ತದೆ. ಕಂಪನಿಯ ಗುರುತು ಮೈಮೇಲೆ ಇದ್ದರೆ ಅದೂ ಉಳಿಯುವುದಿಲ್ಲ. ಅಜ್ಜನ ಕಾಲದ ಅಡಕೊತ್ತು, ಮನೆಯ ಮಾಡದಲ್ಲಿಟ್ಟ ಹಳೆಯ ಕತ್ತಿ ಇದ್ದರಂತೂ ದಯವಿಟ್ಟು ಹಾಳೆ, ಪೇಸ್ಟು ಯಾವುದನ್ನೂ ತರಬೇಡಿ. ನೂರು ವರ್ಷ ಕೂತ ಮೈಯನ್ನು ಒಂದು ಮಧ್ಯಾಹ್ನದಲ್ಲಿ ಕಳೆಯಬಹುದು, ಮರಳಿ ಪಡೆಯಲಾಗದು. ಒಣಬಟ್ಟೆಯಲ್ಲಿ ಒರೆಸಿ, ಕೊಬ್ಬರಿ ಎಣ್ಣೆ ಸವರಿ ಇಟ್ಟರೆ ಸಾಕು.

ಇಷ್ಟೆಲ್ಲ ಮನೆಯಲ್ಲಿ ಮಾಡಲು ಪುರುಸೊತ್ತಿಲ್ಲ ಅನ್ನುವವರಿಗೆ ನನ್ನದೊಂದು ಕೇಳಿಕೆ. ಶಿಕಲಗಾರರ ಹತ್ತಿರ ಹೋದಾಗ ಎರಡು ಕೆಲಸಕ್ಕೆ ಎರಡು ಬೆಲೆ ಮಾತಾಡಿ. “ಚಾಚಾ, ಅಂಚಿಗಷ್ಟ ಧಾರ ಹಚ್ಚರಿ, ಮೈ ಕಲ್ಲಿಗೆ ತಾಗಿಸಬ್ಯಾಡ್ರಿ” ಅಂತ ಕೊಡುವ ಮುನ್ನವೇ ಹೇಳಿ. ಮೈಗೆ ಮೆರುಗು ಬೇಕಿದ್ದರೆ, ಕೈಯಿಂದ ಮಾಡಿಕೊಡುತ್ತೀರಾ ಅಂತ ಕೇಳಿ, ಅದಕ್ಕೆ ಬೇರೆ ರೊಕ್ಕ ಕೊಡಿ. ಆ ಗಲ್ಲಿಯ ಹಿರಿಯರನ್ನು ನಾನು ಕೇಳಿದಾಗ ಅವರು ಸೈಕಲ್ಲಿನ ಚೀಲದಿಂದ ಒಂದು ನುಣುಪು ಕಲ್ಲು ತೆಗೆದು ತೋರಿಸಿ, “ಟೈಮ್ ಹಿಡೀತದ, ಬಿಟ್ಟು ಹೋಗ್ರಿ, ಸಂಜೀಕ ಬರ್ರಿ” ಅಂದರು. ಕತ್ತರಿಗೆ ಕೊಡುವ ರೊಕ್ಕದ ಮೂರು ಪಟ್ಟು ತಗೊಂಡರು. ಕೊಟ್ಟ ದುಡ್ಡು ಹೆಚ್ಚೆಂದು ನನಗನಿಸಲಿಲ್ಲ.

ಖಂಡೇನವಮಿಗೆ ಇಳಗಿ, ಚಾಕು, ಕುಡಗೋಲು ತೊಳೆದು ಪೂಜೆಗಿಡುವವರು ಈ ಕೆಲಸವನ್ನು ಹಬ್ಬದ ಹಿಂದಿನ ರಾತ್ರಿಗೆ ಇಟ್ಟುಕೊಳ್ಳಬೇಡಿ, ಒಂದು ವಾರ ಮೊದಲೇ ಮುಗಿಸಿ. ಪೂಜೆಯಲ್ಲಿ ಒದ್ದೆ ಅರಿಷಿಣ ಕುಂಕುಮ ಹಚ್ಚಿ ರಾತ್ರಿಯೆಲ್ಲ ಬಿಟ್ಟರೆ ಆ ಬೊಟ್ಟಿನ ಕೆಳಗೇ ತುಕ್ಕು ಹುಟ್ಟುತ್ತದೆ, ಹೊಸದಾಗಿ ತಿಕ್ಕಿದ ಮೈಮೇಲಂತೂ ಬೇಗ. ಬೊಟ್ಟನ್ನು ಹಿಡಿಕೆಗೆ ಇಡಿ, ಅಲಗಿಗೆ ಹೂವು ಸಾಕು. ಮರುದಿನ ಬನ್ನಿ ಕೊಡಲು ಹೊರಡುವ ಮುನ್ನ ಒರೆಸಿ ಎಣ್ಣೆ ಸವರಿಬಿಡಿ.